ರಕ್ತ ತೆಗೆದ ಮೊದಲ ಒಂದು ಗಂಟೆ: ಬಿಡಿಎನ್‌ಎಫ್ ಅಳೆಯುವವರಿಗೆ

ಜುಲೈ ತಿಂಗಳ ಒಂದು ಬೆಳಗ್ಗೆ. ಹೊರಗೆ ಕಾಸರಗೋಡಿನ ಮಾಮೂಲಿ ಮಳೆ. ಬಿಡಿಎನ್‌ಎಫ್ ಎಂಬ ಮಿದುಳಿನ ಪ್ರೊಟೀನು ಓಡುವವರ ರಕ್ತದಲ್ಲಿ ಜಾಸ್ತಿ ಇದೆಯಾ ಎಂದು ನೋಡಲು ನಾವು 24 ಮಂದಿಯ ರಕ್ತ ತೆಗೆಯಲು ಕೂತಿದ್ದೆವು. ಮೊದಲು ಬಂದ 12 ಮಂದಿ ದಿನಾ ಓಡುವ ಅಭ್ಯಾಸ ಇದ್ದವರು. ಆಮೇಲಿನ 12 ಮಂದಿ ಕುರ್ಚಿ ಬಿಟ್ಟು ಏಳದವರು. ಮೊದಲ ಗುಂಪಿನ ರಕ್ತ ತೆಗೆದು ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿ ಇಟ್ಟದ್ದೇ ತಡ, ಕರೆಂಟ್ ಹೋಯಿತು. ರಕ್ತವನ್ನು ಜೋರಾಗಿ ತಿರುಗಿಸಿ ಕಣಗಳನ್ನು ಬೇರೆ ಮಾಡುವ ಸೆಂಟ್ರಿಫ್ಯೂಜ್ ನಿಂತಿತು. ಕರೆಂಟ್ ಬರುವಾಗ ಒಂದು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಎರಡನೆಯ ಗುಂಪಿನ ರಕ್ತ ಆಗಷ್ಟೇ ತೆಗೆದು ಮುಗಿದಿತ್ತು. ಮತ್ತೆ ಹೋದೀತು ಎಂಬ ಹೆದರಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತಿರುಗಿಸಿಬಿಟ್ಟೆವು.

ಎಲೈಸಾ, ಅಂದರೆ ಒಂದು ಪ್ರೊಟೀನು ಎಷ್ಟಿದೆ ಎಂದು ಬಣ್ಣದಿಂದ ಅಳೆಯುವ ಪರೀಕ್ಷೆ, ಅದರ ಫಲಿತಾಂಶ ಬಂದಾಗ ನಮಗೆ ಹಬ್ಬ. ಓಡುವವರ ರಕ್ತದಲ್ಲಿ ಬಿಡಿಎನ್‌ಎಫ್ ಚೆನ್ನಾಗಿ ಜಾಸ್ತಿ ಇತ್ತು. ಗ್ರಾಫ್ ನೋಡಲೇ ಚಂದ. ನಮ್ಮ ಮೇಡಂ ಗ್ರಾಫ್ ನೋಡಲಿಲ್ಲ, ರಿಜಿಸ್ಟರ್ ಕೇಳಿದರು. "ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಸ್ಪಿನ್ ಮಾಡಿದ್ದು ಎಷ್ಟು ಗಂಟೆಗೆ?" ಎಂದರು. ಅಷ್ಟಕ್ಕೇ ನಮ್ಮ ಹಬ್ಬ ಮುಗಿಯಿತು. ತೆಗೆದಿಟ್ಟ ರಕ್ತದಲ್ಲಿ ಬಿಡಿಎನ್‌ಎಫ್ ತಾನಾಗಿ ಏರುತ್ತದೆ. ನಾವು ಅಳೆದದ್ದು ಓಟವನ್ನಲ್ಲ, ಕರೆಂಟ್ ಹೋದ ಹೊತ್ತನ್ನು.

ಅದಕ್ಕೇ ಈ ಲೇಖನ. ಇಲ್ಲಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಮಂಗಳೂರಿಗೋ ಎಂಎಸ್‌ಸಿಗೆ ಹೋಗುವ ಮಕ್ಕಳಿಗೆ ಒಂದು ಕಷ್ಟ ಇದೆ. ಅಳೆಯುವ ಸಾಮಗ್ರಿಯ ಪೆಟ್ಟಿಗೆಯ (ಕಿಟ್‌ನ) ಪುಸ್ತಕ ಇಂಗ್ಲಿಷಿನಲ್ಲಿ, ಸೀನಿಯರ್ ಹೇಳಿಕೊಡುವುದು ಮಲಯಾಳದಲ್ಲಿ, ತಲೆ ಓಡುವುದು ಕನ್ನಡದಲ್ಲಿ. ಕೈ ಕೆಲಸ ಬೇಗ ಬರುತ್ತದೆ. ಯಾಕೆ ಹಾಗೆ ಮಾಡಬೇಕು ಅನ್ನುವುದು ಮಾತ್ರ ಎಲ್ಲೋ ನಡುವೆ ಬಿದ್ದುಹೋಗುತ್ತದೆ.

ನಾವು ಹುಡುಕುತ್ತಿರುವುದು ಏನನ್ನು?

ಬಿಡಿಎನ್‌ಎಫ್ (ಬ್ರೈನ್ ಡಿರೈವ್ಡ್ ನ್ಯೂರೊಟ್ರೊಫಿಕ್ ಫ್ಯಾಕ್ಟರ್) ಒಂದು ಪ್ರೊಟೀನು. ನರಕೋಶಗಳು ಬದುಕಿ ಉಳಿಯಲು, ಕವಲೊಡೆಯಲು, ಒಂದಕ್ಕೊಂದು ಬೆಸೆದುಕೊಳ್ಳಲು ಇದು ಬೇಕು. 1982ರಲ್ಲಿ ಬಾರ್ಡ್, ಎಡ್ಗರ್ ಮತ್ತು ಥೋನೆನ್ ಎಂಬ ವಿಜ್ಞಾನಿಗಳು ಹಂದಿಯ ಮಿದುಳಿನಿಂದ ಇದನ್ನು ಬೇರ್ಪಡಿಸಿದರು. ಕೋಶದಲ್ಲಿ ಇದು ಮೊದಲು ದೊಡ್ಡ ರೂಪದಲ್ಲಿ ತಯಾರಾಗುತ್ತದೆ. ಅದಕ್ಕೆ ಪ್ರೊ-ಬಿಡಿಎನ್‌ಎಫ್ ಎನ್ನುತ್ತಾರೆ, ತೂಕ ಸುಮಾರು 32 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಅದನ್ನು ಕಿಣ್ವಗಳು ಕತ್ತರಿಸಿದಾಗ ಸುಮಾರು 14 ಕಿಲೋಡಾಲ್ಟನ್ನಿನ ಬಲಿತ ರೂಪ ಸಿಗುತ್ತದೆ. ಈ ಎರಡರ ಕೆಲಸ ಒಂದೇ ಅಲ್ಲ. ಬಲಿತದ್ದು ಕೋಶದ ಮೇಲಿರುವ ಟಿಆರ್‌ಕೆ-ಬಿ ಎಂಬ ಗ್ರಾಹಕಕ್ಕೆ (ರಿಸೆಪ್ಟರಿಗೆ) ಅಂಟಿ ಕೋಶವನ್ನು ಬೆಳೆಸುತ್ತದೆ. ದೊಡ್ಡದು ಪಿ75 ಎಂಬ ಇನ್ನೊಂದಕ್ಕೆ ಅಂಟಿ ಎಷ್ಟೋ ಸಲ ಅದಕ್ಕೆ ಉಲ್ಟಾ ಕೆಲಸ ಮಾಡುತ್ತದೆ.

ಹಾಗಾಗಿ ಕಿಟ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಬಲಿತದ್ದನ್ನು ಮಾತ್ರ ಹಿಡಿಯುತ್ತದೋ, ಎರಡನ್ನೂ ಹಿಡಿಯುತ್ತದೋ? ಪೆಟ್ಟಿಗೆಯ ಮೇಲೆ ಸುಮ್ನೆ ಬಿಡಿಎನ್‌ಎಫ್ ಎಂದು ಇದ್ದರೆ ಸಾಕಾಗುವುದಿಲ್ಲ. ಒಳಗಿನ ಪುಸ್ತಕದಲ್ಲಿ, ಬೇರೆ ಪ್ರೊಟೀನುಗಳಿಗೆ ಎಷ್ಟು ಅಂಟುತ್ತದೆ ಎಂದು ಹೇಳುವ ಭಾಗದಲ್ಲಿ, ಪ್ರೊ-ಬಿಡಿಎನ್‌ಎಫ್ ಲೆಕ್ಕ ಇದೆಯಾ ನೋಡಿ. ಇಲ್ಲದಿದ್ದರೆ ಕಂಪನಿಗೆ ಮೇಲ್ ಹಾಕಿ ಕೇಳಿ. ಉತ್ತರ ಬರದಿದ್ದರೆ ಬೇರೆ ಕಿಟ್ ನೋಡಿ.

ಎಲೈಸಾ ವಿಧಾನ 1971ರಲ್ಲಿ ಸ್ವೀಡನ್ನಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಅವರಿಂದ ಬಂತು. ನಾವು ಬಳಸುವ ಸ್ಯಾಂಡ್‌ವಿಚ್ ಬಗೆ ಅರ್ಥ ಆಗಬೇಕಾದರೆ ಬಾವಿಗೆ ಬಿದ್ದ ಕೊಡಪಾನ ನೆನಪು ಮಾಡಿಕೊಳ್ಳಿ. ಪಾತಾಳಗರಡಿ ಇಳಿಸಿ ಕೊಡಪಾನವನ್ನು ಸಿಕ್ಕಿಸುತ್ತೇವೆ. ಇಲ್ಲಿ ಪಾತಾಳಗರಡಿ ಎಂದರೆ, ಸಣ್ಣ ಸಣ್ಣ ಗುಂಡಿಗಳಿರುವ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಗುಂಡಿಯ ತಳಕ್ಕೆ ಅಂಟಿಸಿದ ಮೊದಲ ಆಂಟಿಬಾಡಿ, ಅಂದರೆ ಬೇಕಾದ ಪ್ರೊಟೀನನ್ನು ಗುರುತಿಸಿ ಹಿಡಿಯುವ ಇನ್ನೊಂದು ಪ್ರೊಟೀನು. ಅದು ಸ್ಯಾಂಪಲ್‌ನಲ್ಲಿರುವ ಬಿಡಿಎನ್‌ಎಫ್ ಅನ್ನು ಹಿಡಿದುಕೊಳ್ಳುತ್ತದೆ. ಉಳಿದದ್ದೆಲ್ಲ ತೊಳೆದು ಹೋಗುತ್ತದೆ. ಎರಡನೆಯ ಆಂಟಿಬಾಡಿ ಅದೇ ಬಿಡಿಎನ್‌ಎಫ್‌ನ ಇನ್ನೊಂದು ಬದಿಗೆ ಅಂಟುತ್ತದೆ. ಅದರ ಬೆನ್ನಿಗೆ ಬಯೋಟಿನ್ ಎಂಬ ಸಣ್ಣ ಅಣು ಇರುತ್ತದೆ. ಬಯೋಟಿನ್‌ಗೆ ಗಟ್ಟಿಯಾಗಿ ಅಂಟುವುದು ಸ್ಟ್ರೆಪ್ಟಾವಿಡಿನ್ ಎಂಬ ಪ್ರೊಟೀನು, ಅದರ ಜೊತೆಗೆ ಎಚ್‌ಆರ್‌ಪಿ ಎಂಬ ಕಿಣ್ವ. ಈ ಕಿಣ್ವ ಬಣ್ಣ ಬರಿಸುತ್ತದೆ. ಬಿಡಿಎನ್‌ಎಫ್ ಜಾಸ್ತಿ ಇದ್ದಷ್ಟು ಬಣ್ಣ ಗಾಢ.

ಸೀರಮ್ಮೋ ಪ್ಲಾಸ್ಮಾವೋ

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದು. ಇದನ್ನು ರಕ್ತ ತೆಗೆಯುವ ಮೊದಲೇ ಮಾಡಬೇಕು.

ಡೆಂಗ್ಯೂ ಬಂದಾಗ ದಿನಾ ಎಣಿಸುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ರಕ್ತದ ಬಿಡಿಎನ್‌ಎಫ್‌ನ ಬಹುಪಾಲು ಅದರೊಳಗೆ ಕೂತಿರುತ್ತದೆ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಅದನ್ನು ಹೊರಗೆ ಬಿಡುತ್ತವೆ. ಆದ್ದರಿಂದ ಹೆಪ್ಪುಗಟ್ಟಿದ ಮೇಲೆ ಸಿಗುವ ಸೀರಮ್‌ನಲ್ಲಿ ಬಿಡಿಎನ್‌ಎಫ್ ಮಿಲಿಲೀಟರಿಗೆ ಹತ್ತಾರು ನ್ಯಾನೊಗ್ರಾಮ್ ಇರುತ್ತದೆ. ಹೆಪ್ಪುಗಟ್ಟದ ಹಾಗೆ ತೆಗೆದ ಪ್ಲಾಸ್ಮಾದಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಒಬ್ಬರದ್ದು ಸೀರಮ್, ಇನ್ನೊಬ್ಬರದ್ದು ಪ್ಲಾಸ್ಮಾ ಇಟ್ಟು ಹೋಲಿಸುವುದು ಅಡಿಕೆಯನ್ನೂ ತೆಂಗಿನಕಾಯಿಯನ್ನೂ ಒಂದೇ ಲೆಕ್ಕದಲ್ಲಿ ಎಣಿಸಿದ ಹಾಗೆ.

ಸೀರಮ್ ಬೇಕಾದರೆ ರಕ್ತವನ್ನು ಸೀರಮ್ ಟ್ಯೂಬಿಗೆ ತೆಗೆದು, ಮೆಲ್ಲಗೆ ಐದಾರು ಸಲ ತಲೆಕೆಳಗು ಮಾಡಿ, ಕೋಣೆಯ ಬಿಸಿಯಲ್ಲೇ ನೆಟ್ಟಗೆ ನಿಲ್ಲಿಸಿಡಿ. ಐಸಿನಲ್ಲಿ ಇಡಬೇಡಿ, ಹೆಪ್ಪುಗಟ್ಟುವುದು ನಿಧಾನ ಆಗುತ್ತದೆ. ನಮ್ಮಲ್ಲಿ ಹೊಸಬರು ಉಪಕಾರ ಮಾಡಲು ಹೋಗಿ ಇದೇ ತಪ್ಪು ಮಾಡುತ್ತಾರೆ. ರಕ್ತ ಅಂದ ಕೂಡಲೇ ಮೀನಿನ ಥರ್ಮೋಕೋಲ್ ಪೆಟ್ಟಿಗೆ ನೆನಪಾಗುತ್ತದೆ ಕಾಣಬೇಕು. ಕಾಯಬೇಕಾದ್ದು ಕನಿಷ್ಠ 30 ನಿಮಿಷ. ಮೊದಲ ಒಂದು ಗಂಟೆಯಲ್ಲಿ ಬಿಡಿಎನ್‌ಎಫ್ ಏರುತ್ತಲೇ ಇರುತ್ತದೆ, ಅದಕ್ಕೆ ನಾವು ಈಗ ಎಲ್ಲರದ್ದನ್ನೂ ಸರಿಯಾಗಿ 60 ನಿಮಿಷ ಇಡುತ್ತೇವೆ. 45 ಇಟ್ಟರೂ ತಪ್ಪಿಲ್ಲ. ಒಬ್ಬರಿಗೆ 20, ಒಬ್ಬರಿಗೆ 80 ಆದರೆ ಮಾತ್ರ ಇಡೀ ಕೆಲಸ ಹಾಳು. ಪ್ರತಿ ಟ್ಯೂಬಿನ ಮೇಲೆ ತೆಗೆದ ಗಂಟೆ ಬರೆಯಿರಿ. ಐದೈದು ನಿಮಿಷ ಬಿಟ್ಟು ಒಬ್ಬೊಬ್ಬರ ರಕ್ತ ತೆಗೆಯುವುದಾದರೆ ಸ್ಪಿನ್ ಕೂಡ ತಂಡ ತಂಡವಾಗಿ ಮಾಡಿ.

ಮೇ ತಿಂಗಳಲ್ಲಿ ಇಲ್ಲಿ ಕೋಣೆಯ ಬಿಸಿ ಅಂದರೆ 33 ಡಿಗ್ರಿಯೂ ಆಗಬಹುದು. ಪುಸ್ತಕ ಬರೆದವರು ಹೇಳುವುದು 20ರಿಂದ 25. ಎಸಿ ಇರುವ ಕೋಣೆಯಲ್ಲೇ ಮಾಡಿ, ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ. ಆಮೇಲೆ 1,500 ಜಿ ಬಲದಲ್ಲಿ (ಭೂಮಿಯ ಸೆಳೆತದ 1,500 ಪಟ್ಟು) 15 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆಯಿರಿ. ತಿಳಿ ಕೆಂಪಗೆ ಕಂಡರೆ ಕೆಂಪು ರಕ್ತಕಣಗಳು ಒಡೆದಿವೆ ಎಂದರ್ಥ. ಅಂಥದ್ದನ್ನು ಗುರುತು ಹಾಕಿ ಬೇರೆ ಇಡಿ.

ಪ್ಲಾಸ್ಮಾ ಬೇಕಾದರೆ ನಿಯಮ ಉಲ್ಟಾ. ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಇರುವ ಟ್ಯೂಬು, ಕೂಡಲೇ ಐಸು, ತಡಮಾಡದೆ 4 ಡಿಗ್ರಿಯಲ್ಲಿ ಸ್ಪಿನ್. ಒಂದು ಸ್ಪಿನ್ ಸಾಲದು. ಮೊದಲ ಸಲ ತೆಗೆದ ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ಹಾಕಿ, 10,000 ಜಿ ಬಲದಲ್ಲಿ ಇನ್ನೊಮ್ಮೆ 10 ನಿಮಿಷ ತಿರುಗಿಸಿ, ತಳದ ಸ್ವಲ್ಪ ಭಾಗ ಬಿಟ್ಟು ಮೇಲಿನದನ್ನು ಮಾತ್ರ ತೆಗೆಯಿರಿ. ಪ್ಲೇಟ್‌ಲೆಟ್ ಉಳಿದರೆ, ಫ್ರೀಜರಿನಲ್ಲಿ ಗಟ್ಟಿಯಾಗಿ ಕರಗುವಾಗ ಅವು ಒಡೆಯುತ್ತವೆ. ಆಗ ಒಳಗಿದ್ದ ಬಿಡಿಎನ್‌ಎಫ್ ಎಲ್ಲ ಹೊರಗೆ.

ಇನ್ನೊಂದು ಮಾತು. ದಿನದ ಹೊತ್ತು, ಊಟ, ಆಗಷ್ಟೇ ಮಾಡಿದ ವ್ಯಾಯಾಮ, ಎಲ್ಲವೂ ಸಂಖ್ಯೆಯನ್ನು ಅಲುಗಾಡಿಸಬಹುದು. ಬೆಳಗ್ಗೆ 8ರಿಂದ 10, ಖಾಲಿ ಹೊಟ್ಟೆ, ಹತ್ತು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ಅಂತ ಒಂದು ನಿಯಮ ಮಾಡಿಬಿಡಿ. ಬಸ್ ತಪ್ಪುತ್ತದೆ ಎಂದು ಸ್ಟ್ಯಾಂಡಿನಿಂದ ಓಡಿ ಬಂದವರನ್ನೂ ಕೂರಿಸಿ.

ಮಿದುಳಿನ ಸ್ಯಾಂಪಲ್ ಇದ್ದವರಿಗೆ

ಇಲಿಯ ಮೇಲೆ ಕೆಲಸ ಮಾಡುವವರು ಗಮನಿಸಿ. ಬಲಿತ ಬಿಡಿಎನ್‌ಎಫ್‌ನ ಅಮಿನೊ ಆಮ್ಲಗಳ ಸಾಲು ಮನುಷ್ಯ, ದೊಡ್ಡ ಇಲಿ (ರ‍್ಯಾಟ್), ಸುಂಡಿಲಿ (ಮೌಸ್) ಮೂರರಲ್ಲೂ ಒಂದೇ. ಹಾಗಾಗಿ ಒಂದೇ ಕಿಟ್ ಮೂರಕ್ಕೂ ನಡೆಯುವುದುಂಟು. ಆದರೆ ಸುಂಡಿಲಿಯ ಪ್ಲೇಟ್‌ಲೆಟ್‌ಗಳಲ್ಲಿ ಬಿಡಿಎನ್‌ಎಫ್ ಇಲ್ಲವೆಂದೇ ಹೇಳಬೇಕು. ಅದರ ಸೀರಮ್ ಹಾಕಿ ಬಣ್ಣ ಬರಲಿಲ್ಲವೆಂದು ಕಿಟ್ ಕಂಪನಿಯೊಂದಿಗೆ ಜಗಳ ಮಾಡಬೇಡಿ. ಸುಂಡಿಲಿಯಾದರೆ ಮಿದುಳನ್ನೇ ನೋಡಿ.

ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗವನ್ನು ಐಸಿನ ಮೇಲೆ ಬೇಗ ಬಿಡಿಸಿ, ತೂಕ ಮಾಡಿ, ಕೂಡಲೇ ಗಟ್ಟಿ ಮಾಡಿ ಮೈನಸ್ 80ಕ್ಕೆ ಸೇರಿಸಿ. ಅರೆಯುವಾಗ ತೂಕದ ಹತ್ತು ಪಟ್ಟು ಕೋಶಗಳನ್ನು ಒಡೆಯುವ ತಣ್ಣನೆಯ ಲೈಸಿಸ್ ಬಫರ್, ಅದರಲ್ಲಿ ಪ್ರೊಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ಮಿಶ್ರಣ. ಅರೆದದ್ದನ್ನು 12,000 ಜಿ ಬಲದಲ್ಲಿ 20 ನಿಮಿಷ 4 ಡಿಗ್ರಿಯಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆಯಿರಿ. ಒಟ್ಟು ಪ್ರೊಟೀನನ್ನು ಬಿಸಿಎ ವಿಧಾನದಲ್ಲಿ ಅಳೆಯಿರಿ. ಬಫರಿನಲ್ಲಿ ಸಾಬೂನಿನಂಥ ಡಿಟರ್ಜೆಂಟ್ ಇರುವುದರಿಂದ ಬ್ರಾಡ್‌ಫರ್ಡ್ ವಿಧಾನ ಇಲ್ಲಿ ಮೋಸ ಮಾಡುತ್ತದೆ. ಕೊನೆಯ ಉತ್ತರವನ್ನು ಒಂದು ಮಿಲಿಗ್ರಾಮ್ ಪ್ರೊಟೀನಿಗೆ ಇಷ್ಟು ಪಿಕೊಗ್ರಾಮ್ ಎಂದು ಬರೆಯಿರಿ.

ಬಫರ್ ಕೆಡದಿರಲಿ ಎಂದು ಸೋಡಿಯಂ ಅಜೈಡ್ ಹಾಕುವ ಅಭ್ಯಾಸ ಕೆಲವರಿಗಿದೆ. ಈ ಕೆಲಸದಲ್ಲಿ ಬೇಡ. ಅದು ಎಚ್‌ಆರ್‌ಪಿ ಕಿಣ್ವವನ್ನು ಕಟ್ಟಿಹಾಕುತ್ತದೆ. ಬಣ್ಣವೇ ಬರುವುದಿಲ್ಲ.

ಕಾಪಾಡುವುದು

ಸ್ಯಾಂಪಲ್ ಯಾವುದೇ ಇರಲಿ, 100 ಮೈಕ್ರೊಲೀಟರಿನ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ಮಳೆಗಾಲದಲ್ಲಿ ಫ್ರೀಜರಿಗೆ ಜನರೇಟರ್ ಸಂಪರ್ಕ ಇದೆಯಾ ಎಂದು ಬಾಯಲ್ಲಿ ಕೇಳಿದರೆ ಸಾಲದು, ಒಂದು ದಿನ ಮೈನ್ ಸ್ವಿಚ್ ಆಫ್ ಮಾಡಿಸಿ ನೋಡಿ. ಕಿಟ್ ತರಿಸುವಾಗ ಕ್ಯಾಲೆಂಡರ್ ನೋಡಿ. ಓಣಂ ರಜೆಯಲ್ಲೋ ಹರತಾಳದ ದಿನವೋ ಪೆಟ್ಟಿಗೆ ಮಂಗಳೂರಿಗೆ ಬಂದು ಕೂತರೆ, ಐವತ್ತು ಕಿಲೋಮೀಟರ್ ದಾಟಿ ನಿಮ್ಮ ಕೈ ಸೇರುವಷ್ಟರಲ್ಲಿ ಒಳಗಿನ ಐಸ್ ಪ್ಯಾಕ್ ಬೆಚ್ಚಗಾಗಿರುತ್ತದೆ. ಸೋಮವಾರ ಹೊರಟು ಬುಧವಾರ ತಲುಪುವ ಹಾಗೆ ಹೇಳಿ.

ಪ್ಲೇಟಿನ ದಿನ

ಹಿಂದಿನ ಸಂಜೆಯೇ ಕಾಗದದಲ್ಲಿ 96 ಗುಂಡಿಯ ನಕ್ಷೆ ಬರೆಯಿರಿ. ಸ್ಟ್ಯಾಂಡರ್ಡ್ ಎಂದರೆ ಬಿಡಿಎನ್‌ಎಫ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರವ, ಬ್ಲಾಂಕ್ ಎಂದರೆ ಬರೇ ಬಫರ್. ಬ್ಲಾಂಕ್ ಸೇರಿ ಎಂಟು ಸ್ಟ್ಯಾಂಡರ್ಡ್, ಎರಡೆರಡು ಗುಂಡಿ, ಒಟ್ಟು 16. ಉಳಿದ 80ರಲ್ಲಿ ಎರಡೆರಡರಂತೆ 40 ಸ್ಯಾಂಪಲ್. ಅದರಲ್ಲೂ ಒಂದು ಜಾಗ ನಿಮ್ಮದೇ ಕಂಟ್ರೋಲ್‌ಗೆ ಬಿಡಿ. ಐದಾರು ಜನರ ಸೀರಮ್ ಬೆರೆಸಿ, ಮೂವತ್ತು ಪಾಲು ಮಾಡಿ ಫ್ರೀಜರಿನಲ್ಲಿಟ್ಟು, ಪ್ರತಿ ಪ್ಲೇಟಿನಲ್ಲೂ ಒಂದನ್ನು ಹಾಕಿ. ಇಂದಿನ ಪ್ಲೇಟಿಗೂ ಮುಂದಿನ ತಿಂಗಳಿನ ಪ್ಲೇಟಿಗೂ ತಾಳೆ ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಎರಡು ಗುಂಪು ಇದ್ದರೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಬೇಡಿ, ಬೆರೆಸಿ ಹಾಕಿ. ಅಂಚಿನ ಗುಂಡಿಗಳು ಬೇಗ ಬಿಸಿಯಾಗುತ್ತವೆ, ಬೇಗ ಒಣಗುತ್ತವೆ. ಅದರ ಪಾಪ ಒಂದೇ ಗುಂಪಿನ ತಲೆಗೆ ಬರಬಾರದು.

ಬೆಳಗ್ಗೆ ಕಿಟ್‌ನ ಬಫರುಗಳನ್ನೂ ಪ್ಲೇಟನ್ನೂ ಅರ್ಧ ಗಂಟೆ ಮೊದಲು ಹೊರಗಿಡಿ. ಪ್ಲೇಟಿನ ಚೀಲವನ್ನು ತಣ್ಣಗಿರುವಾಗಲೇ ಬಿಚ್ಚಬೇಡಿ. ನಮ್ಮ ಕರಾವಳಿಯ ತೇವದ ಗಾಳಿ ಅದರ ಮೇಲೆ ಬೆವರಿನ ಹಾಗೆ ಕೂರುತ್ತದೆ. ಉಳಿದ ಪಟ್ಟಿಗಳನ್ನು ತೇವ ಹೀರುವ ಪುಟ್ಟ ಚೀಲದ ಜೊತೆ ಕೂಡಲೇ ಮುಚ್ಚಿಡಿ.

ಸ್ಟ್ಯಾಂಡರ್ಡ್ ಮಾಡುವುದು ಮಜ್ಜಿಗೆಗೆ ನೀರು ಸೇರಿಸುತ್ತಾ ಹೋದ ಹಾಗೆ, ಆದರೆ ಅಳತೆ ತಪ್ಪಬಾರದು. ಮೊದಲ ಟ್ಯೂಬಿನಲ್ಲಿ ಮಿಲಿಲೀಟರಿಗೆ 500 ಪಿಕೊಗ್ರಾಮ್. ಅದರಿಂದ 500 ಮೈಕ್ರೊಲೀಟರ್ ತೆಗೆದು, 500 ಮೈಕ್ರೊಲೀಟರ್ ಬಫರ್ ಇರುವ ಎರಡನೆಯದಕ್ಕೆ. ಆಗ 250. ಹೀಗೇ 125, 62.5, 31.25, 15.6, 7.8. ಕೊನೆಯದು ಬರೇ ಬಫರ್. ಪ್ರತಿ ಸಲವೂ ಹೊಸ ಟಿಪ್, ಪ್ರತಿ ಸಲವೂ ಚೆನ್ನಾಗಿ ಬೆರೆಸಬೇಕು, ನೊರೆ ಬರಬಾರದು. ಎರಡನೆಯ ಟ್ಯೂಬಿನಲ್ಲಿ ಮಾಡಿದ ತಪ್ಪು ಏಳನೆಯದರವರೆಗೂ ನಡೆದುಕೊಂಡು ಹೋಗುತ್ತದೆ.

ಸ್ಯಾಂಪಲ್ ಎಷ್ಟು ತೆಳು ಮಾಡಬೇಕು? ಲೆಕ್ಕ ಮಾಡೋಣ. ಸೀರಮ್‌ನಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಮ್ ಇದೆ ಎಂದುಕೊಳ್ಳಿ. ಅಂದರೆ 20,000 ಪಿಕೊಗ್ರಾಮ್. ನಮ್ಮ ಸ್ಟ್ಯಾಂಡರ್ಡ್ 500ಕ್ಕೆ ಮುಗಿಯುತ್ತದೆ. ನೂರು ಪಟ್ಟು ತೆಳು ಮಾಡಿದರೆ 200 ಆಗುತ್ತದೆ, ಗೆರೆಯ ನಡುವಿಗೆ ಬಂದು ಕೂರುತ್ತದೆ. 10 ಮೈಕ್ರೊಲೀಟರ್ ಸೀರಮ್‌ಗೆ 990 ಬಫರ್ ಹಾಕಿ. 1ಕ್ಕೆ 99 ಹಾಕಿದರೂ ಅದೇ ಅಲ್ವಾ ಎನ್ನಬೇಡಿ. ಒಂದು ಮೈಕ್ರೊಲೀಟರನ್ನು ನಂಬುವ ಹಾಗೆ ತೆಗೆಯುವ ಕೈ ಅಪರೂಪ. ಪ್ಲಾಸ್ಮಾಕ್ಕೆ ಇಷ್ಟು ತೆಳು ಬೇಡ. ಮೊದಲ ಸಲ ಎರಡು ಮೂರು ಸ್ಯಾಂಪಲ್ ಇಟ್ಟುಕೊಂಡು ಬೇರೆ ಬೇರೆ ಪಟ್ಟಿನಲ್ಲಿ ಹಾಕಿ ನೋಡಿ.

ಇದಾದ ಮೇಲೆ ಕಿಟ್‌ನ ಪುಸ್ತಕದ ದಾರಿ ಹಿಡಿಯಿರಿ, ಹೊತ್ತುಗಳನ್ನು ಬದಲಿಸಬೇಡಿ. ಸಾಮಾನ್ಯವಾಗಿ ಗುಂಡಿಗೆ 100 ಮೈಕ್ರೊಲೀಟರ್ ಸ್ಯಾಂಪಲ್, ಮೇಲೆ ಅಂಟು ಹಾಳೆ ಮುಚ್ಚಿ ಎರಡು ಗಂಟೆ. ತೊಳೆಯುವುದು. ಬಯೋಟಿನ್ ಇರುವ ಆಂಟಿಬಾಡಿ. ತೊಳೆಯುವುದು. ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ. ಮತ್ತೆ ತೊಳೆಯುವುದು. ಪ್ಲೇಟನ್ನು ಎಸಿಯ ಗಾಳಿ ನೇರ ಬೀಳುವಲ್ಲಿ ಇಡಬೇಡಿ.

ತೊಳೆಯುವ ಕೆಲಸವನ್ನು ಯಾರೂ ಗೌರವದಿಂದ ನೋಡುವುದಿಲ್ಲ. ನನ್ನ ಅನುಭವದಲ್ಲಿ ಹಾಳಾದ ಪ್ಲೇಟುಗಳಲ್ಲಿ ಹೆಚ್ಚಿನವು ಇಲ್ಲೇ ಹಾಳಾದವು. ಗುಂಡಿ ತುಂಬ, ಅಂದರೆ 300 ಮೈಕ್ರೊಲೀಟರ್, ಪುಸ್ತಕ ಹೇಳಿದಷ್ಟು ಸಲ. ಪ್ರತಿ ಸಲ ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಕೊನೆಗೆ ಪ್ಲೇಟನ್ನು ಮಡಚಿದ ಟಿಶ್ಯೂ ಪೇಪರಿನ ಮೇಲೆ ಕವುಚಿ ನಾಲ್ಕು ಸಲ ಬಡಿಯಿರಿ. ಮೆಲ್ಲಗೆ ಅಲ್ಲ, ಸದ್ದು ಬರುವ ಹಾಗೆ. ಬಡಿದ ಮೇಲೆ ಪ್ಲೇಟನ್ನು ಹಾಗೇ ಬಿಟ್ಟು ಚಾ ಕುಡಿಯಲು ಹೋಗಬೇಡಿ. ಒಣಗಿದರೆ ಮುಗಿಯಿತು.

ಎಚ್‌ಆರ್‌ಪಿ ತಾಗಿದಾಗ ಬಣ್ಣ ಬರುವ ಟಿಎಂಬಿ ದ್ರವವನ್ನು ಬೆಳಕಿನಿಂದ ದೂರ ಇಡಿ. ಹಾಕುವ ಮೊದಲು ನೀರಿನ ಹಾಗೆ ತಿಳಿಯಾಗಿರಬೇಕು, ನೀಲಿ ಛಾಯೆ ಕಂಡರೆ ಅದು ಆಗಲೇ ಕೆಟ್ಟಿದೆ. ಒಂದೊಂದೇ ಗುಂಡಿಗೆ ಹಾಕುತ್ತಾ ಹೋದರೆ ಮೊದಲ ಗುಂಡಿಗೂ ಕೊನೆಯದಕ್ಕೂ ಹಲವು ನಿಮಿಷ ವ್ಯತ್ಯಾಸ ಬರುತ್ತದೆ. ಎಂಟು ಬಾಯಿಯ ಪಿಪೆಟ್ ಬಳಸಿ. ಗುಂಡಿಗಳು ನೀಲಿಯಾಗುತ್ತವೆ. ನಿಲ್ಲಿಸುವ ಆಮ್ಲ ಹಾಕಿದಾಗ ಹಳದಿಯಾಗುತ್ತವೆ. ಯಾವ ಸಾಲಿನಿಂದ ಟಿಎಂಬಿ ಶುರು ಮಾಡಿದಿರೋ ಅದೇ ಸಾಲಿನಿಂದ, ಅದೇ ವೇಗದಲ್ಲಿ ಆಮ್ಲ ಹಾಕಿ. ಗುಳ್ಳೆ ಇದ್ದರೆ ಹೊಸ ಟಿಪ್ಪಿನ ತುದಿಯಿಂದ ಒಡೆಯಿರಿ. ಅರ್ಧ ಗಂಟೆಯೊಳಗೆ ಪ್ಲೇಟ್ ರೀಡರಿನಲ್ಲಿ 450 ನ್ಯಾನೊಮೀಟರ್ ಬೆಳಕಿನಲ್ಲಿ ಓದಿ. 570ರಲ್ಲೂ ಓದಿ ಕಳೆಯಿರಿ, ಪ್ಲೇಟಿನ ಗೀರು ಕಲೆಗಳ ಲೆಕ್ಕ ಹೋಗುತ್ತದೆ.

ಸಂಖ್ಯೆಯನ್ನು ನಂಬುವ ಮೊದಲು

ಸ್ಟ್ಯಾಂಡರ್ಡ್‌ನ ಗೆರೆ ನೆಟ್ಟಗಿರುವುದಿಲ್ಲ, ಕೆಳಗೂ ಮೇಲೂ ಬಾಗಿದ ಎಸ್ ಆಕಾರ ಇರುತ್ತದೆ. ಎಕ್ಸೆಲ್ ಸುಲಭದಲ್ಲಿ ಕೊಡುತ್ತದೆ ಎಂದು ಸರಳರೇಖೆ ಎಳೆಯಬೇಡಿ. ನಾಲ್ಕು ಪ್ಯಾರಾಮೀಟರಿನ ಲಾಜಿಸ್ಟಿಕ್ ಗೆರೆ ಬಳಸಿ. ಬಂದ ಉತ್ತರವನ್ನು ತೆಳು ಮಾಡಿದ ಪಟ್ಟಿನಿಂದ ಗುಣಿಸಿ. ಗುಂಡಿಯಲ್ಲಿ 180 ಬಂದರೆ, ನೂರರಿಂದ ಗುಣಿಸಿ 18,000 ಪಿಕೊಗ್ರಾಮ್, ಅಂದರೆ 18 ನ್ಯಾನೊಗ್ರಾಮ್. ಗುಣಿಸಲು ಮರೆತವರನ್ನು ನೋಡಿದ್ದೇನೆ. ನಾನೂ ಮರೆತಿದ್ದೇನೆ.

ಜೋಡಿ ಗುಂಡಿಗಳಲ್ಲಿ 170 ಮತ್ತು 190 ಬಂದರೆ ಸರಾಸರಿ 180, ಸಿವಿ (ಸರಾಸರಿಗೆ ಹೋಲಿಸಿದರೆ ಎಷ್ಟು ಏರುಪೇರು ಎಂಬ ಲೆಕ್ಕ) ಸುಮಾರು 8 ಶೇಕಡ. ನಡೆಯುತ್ತದೆ. 10 ದಾಟಿದರೆ ಅನುಮಾನಪಡಿ, 15 ದಾಟಿದರೆ ಆ ಸ್ಯಾಂಪಲ್ ಮತ್ತೆ ಮಾಡಿ. ಮೇಲಿನ ಸ್ಟ್ಯಾಂಡರ್ಡ್ ಮೀರಿದ್ದನ್ನು ಗೆರೆ ಉದ್ದ ಎಳೆದು ಊಹಿಸಬೇಡಿ, ಇನ್ನಷ್ಟು ತೆಳು ಮಾಡಿ.

ಹೊಸ ಕಿಟ್ ಬಂದಾಗ ಎರಡು ಪರೀಕ್ಷೆ ಮಾಡಿಯೇ ಮುಂದೆ ಹೋಗಿ. ಒಂದೇ ಸೀರಮ್ಮನ್ನು 50, 100, 200 ಪಟ್ಟು ತೆಳು ಮಾಡಿ. ಗುಣಿಸಿದ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡಬೇಕು. ಕೊಡದಿದ್ದರೆ ಸೀರಮ್‌ನ ಬೇರೇನೋ ಅಡ್ಡ ಬರುತ್ತಿದೆ. ಇನ್ನೊಂದು, ತೆಳು ಮಾಡಿದ ಸ್ಯಾಂಪಲ್‌ಗೆ ಗೊತ್ತಿರುವಷ್ಟು, ಮಿಲಿಲೀಟರಿಗೆ 100 ಪಿಕೊಗ್ರಾಮ್ ಎಂದಿಟ್ಟುಕೊಳ್ಳಿ, ಬಿಡಿಎನ್‌ಎಫ್ ಸೇರಿಸಿ ಎಷ್ಟು ವಾಪಸ್ ಸಿಗುತ್ತದೆ ನೋಡಿ. 80ರಿಂದ 120 ಶೇಕಡ ಸಿಕ್ಕರೆ ಸರಿ.

ಬ್ಲಾಂಕ್ ಗುಂಡಿಯೇ ಹಳದಿಯಾದರೆ ತೊಳೆದದ್ದು ಸಾಲದು, ಅಥವಾ ಕೋಣೆ ಬಿಸಿ ಜಾಸ್ತಿ. ಪ್ಲೇಟ್ ಪೂರ್ತಿ ಬಣ್ಣವಿಲ್ಲದಿದ್ದರೆ ಯಾವುದೋ ಒಂದು ದ್ರವ ಹಾಕಲು ಮರೆತಿದ್ದೀರಿ, ಇಲ್ಲವೇ ಅಜೈಡ್. ನಕ್ಷೆಯ ಪಕ್ಕ ಪ್ರತಿ ಹಂತಕ್ಕೂ ಟಿಕ್ ಹಾಕುವ ಅಭ್ಯಾಸ ಮಾಡಿಕೊಂಡರೆ ಮರೆತದ್ದು ಯಾವುದೆಂದು ಸಂಜೆಗಾದರೂ ತಿಳಿಯುತ್ತದೆ.

ಮನುಷ್ಯರ ರಕ್ತವಾದ್ದರಿಂದ ನೈತಿಕ ಸಮಿತಿಯ ಒಪ್ಪಿಗೆ, ರಕ್ತ ಕೊಟ್ಟವರ ಸಹಿ, ಕೈಗವಸು ಇವೆಲ್ಲ ಇಲ್ಲದೆ ಕೆಲಸ ಶುರು ಮಾಡುವ ಹಾಗಿಲ್ಲ. ಒಪ್ಪಿಗೆ ಪತ್ರ ಅವರಿಗೆ ಬರುವ ಭಾಷೆಯಲ್ಲೇ ಇರಲಿ, ಕನ್ನಡವೋ ಮಲಯಾಳವೋ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಜಿಲ್ಲೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು, ಮಕ್ಕಳ ಮಿದುಳಿನ ತೊಂದರೆಗೆ ಅದೇ ಕಾರಣ ಎಂದು ಇಲ್ಲಿನ ಮನೆಗಳವರು ಹೇಳುವುದು ನಮಗೆಲ್ಲ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕದ ತಯಾರಿ, ಮಾರಾಟ, ಬಳಕೆಯನ್ನು ದೇಶದಲ್ಲೇ ತಡೆಯಿತು. ಮಿದುಳಿನ ಪ್ರೊಟೀನು ಅಳೆಯುತ್ತೇವೆ ಎಂದ ಕೂಡಲೇ ಯಾರಾದರೂ ತಾಯಿ, "ನನ್ನ ಮಗನದ್ದೂ ನೋಡಿ ಹೇಳ್ತೀರಾ ಮೇಡಂ" ಎಂದು ಕೇಳಬಹುದು. ಹೇಳಲು ಆಗುವುದಿಲ್ಲ. ರಕ್ತದ ಬಿಡಿಎನ್‌ಎಫ್ ಗುಂಪುಗಳನ್ನು ಹೋಲಿಸಲು ಬರುತ್ತದೆ, ಒಬ್ಬನ ಮಿದುಳು ಹೇಗಿದೆ ಎಂದು ಹೇಳುವ ಪರೀಕ್ಷೆ ಅದಲ್ಲ. ಇದನ್ನು ರಕ್ತ ತೆಗೆಯುವ ಮೊದಲೇ, ಕೂತು, ಅವರ ಭಾಷೆಯಲ್ಲಿ ಹೇಳಿ.

ನಮ್ಮ ಆ 24 ಮಂದಿಯನ್ನು ಸೆಪ್ಟೆಂಬರಿನಲ್ಲಿ ಮತ್ತೆ ಕರೆದೆವು. 21 ಮಂದಿ ಬಂದರು. ಎಲ್ಲರಿಗೂ 60 ನಿಮಿಷ, ಕೈಯಲ್ಲಿ ಗಡಿಯಾರ, ಸೆಂಟ್ರಿಫ್ಯೂಜಿಗೆ ಯುಪಿಎಸ್. ಈ ಸಲ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಉಳಿಯಲಿಲ್ಲ. ಮೊದಲಿನ ಚಂದದ ಗ್ರಾಫನ್ನು ಮೇಡಂ ಸೆಂಟ್ರಿಫ್ಯೂಜಿನ ಮುಚ್ಚಳದ ಮೇಲೆ ಅಂಟಿಸಿದ್ದಾರೆ. ಈಗಲೂ ಅಲ್ಲೇ ಇದೆ.